ಹುಟ್ಟಿಗೆ ಕಿವಿಯಿಟ್ಟು

ಎಂಜಿನ್ನಿಲ್ಲದ ಕಾಲ. ಕೋಡಿಬಾಗದಾಚೆ ದೋಣಿ ನಿಲ್ಲಿಸಿ
ಜಟ್ಟಪ್ಪ ಹರಿಕಂತ್ರ ಹುಟ್ಟನ್ನು ನೀರಿಗಿಳಿಸಿ
ಹಿಡಿಯ ತುದಿಗೆ ಕಿವಿಯಿಡುತ್ತಿದ್ದ.
ಬಾಯಲ್ಲಿ ಬೀಡಿ, ಹಚ್ಚಿದ್ದಲ್ಲ.
ದೋಡಿ ಮೀನು ಗೊರಗುಟ್ಟುವುದು ಮರದಲ್ಲಿ ಹತ್ತಿ ಬರುತ್ತದಂತೆ,
ಗೋಡೆಯಾಚೆ ಯಾರೋ ಬೀಸುಕಲ್ಲು ತಿರುವಿದ ಹಾಗೆ.
ಎಷ್ಟು ಮಾರು ಕೆಳಗೆ, ಹಿಂಡು ಎಷ್ಟು ದೊಡ್ಡದು,
ಬಲೆ ಬಿಡಬೇಕೋ ಬೇಡವೋ, ಎಲ್ಲ ಅಷ್ಟರಲ್ಲೇ.

ನಾನೂ ಒಮ್ಮೆ ಇಟ್ಟೆ. ಒಂಬತ್ತು ವರ್ಷ ಆಗ.
ಕೇಳಿದ್ದು ನನ್ನದೇ ಕಿವಿಯ ರಕ್ತ.

ಈಗ ನನ್ನದು ಶನಿಯ ಕೆಲಸ.
(ಅಮ್ಮ ಹಾಗೆ ಹೇಳುವುದಿಲ್ಲ. ಕಾಲೇಜಿನಲ್ಲಿ ಕಲಿಸುತ್ತಾಳೆ, ಅಷ್ಟೇ.)
ಅಲ್ಲಿ ಕಂಪನಮಾಪಕ ಹೂಳಲು ನೆಲವಿಲ್ಲ,
ಇಟ್ಟದ್ದೆಲ್ಲ ಇಳಿಯುತ್ತ ಇಳಿಯುತ್ತ ಜಜ್ಜಿಹೋಗುತ್ತದೆ.
ಆದರೆ ಸುಮ್ಮನಿಲ್ಲ ಅವನು. ಒಳಗೊಳಗೇ ಉಬ್ಬಿ ತಗ್ಗುತ್ತಾನೆ,
ಗಂಟೆಗೋ ಎರಡು ಗಂಟೆಗೋ, ಮೊಳವೋ ಮಾರೋ, ಅಷ್ಟೇ.
ಅದಕ್ಕೇ ಅವನ ಸೆಳೆತವೂ ಅಲುಗಿ
ಬಳೆಯ ಹಿಮದ ಚೂರುಗಳಲ್ಲಿ ಸುರುಳಿ ಸುರುಳಿ ತೆರೆ ಏಳುತ್ತದೆ.
ಬಳೆಯ ಹಿಂದೆ ನಕ್ಷತ್ರವೊಂದು ಹಾದರೆ
ಮಿಣುಕಿ, ಮಸುಕಿ, ಮತ್ತೆ ಮಿಣುಕಿ,
ಒಣಹಾಕಿದ ಬಲೆಯ ಹಿಂದಿನಿಂದ ದೇವಗಡದ ದೀಪ.
ಆ ಮಿಣುಕನ್ನು ಎಣಿಸುವವಳು ನಾನು.

ಮೊನ್ನೆ ಜಟ್ಟಪ್ಪನ ಜಗಲಿಗೆ ಹೋದೆ.
ಒಂದು ಕಿವಿ ಪೂರ್ತಿ ಹೋಗಿದೆ,
ಟ್ರಾಲರಿನ ಎಂಜಿನ್ ಪಕ್ಕ ಕೂತ ಇಪ್ಪತ್ತು ವರ್ಷ.
"ನನ್ನ ಹೆಗಲಿಂದ ಶನಿ ಇಳಿದೇ ಇಲ್ಲ,
ನೀನು ಅವನ ಹೆಗಲೇರಿದ್ಯಾ?" ನಕ್ಕ.
ಆಮೇಲೆ, "ಒಳಗೆ ಎಂತ ಉಂಟು? ಕಲ್ಲೋ, ಕೆಸರೋ?"

ಎರಡೂ ಅಲ್ಲ, ಅಂದೆ. ಮೊದಲು ಕಲ್ಲೆಂದೇ ಬರೆದಿದ್ದರು,
ಮಾವಿನೊಳಗೆ ಗೊರಟೆಯಿಟ್ಟ ಹಾಗೆ ಚಿತ್ರ.
ತೆರೆಯ ಲೆಕ್ಕ ಕೂಡಲಿಲ್ಲ.
ಕಲ್ಲು ಹಿಮ ಎಲ್ಲ ಜಲಜನಕದಲ್ಲಿ ಕಲೆತು
ತೆಳುವಾಗುತ್ತ ತೆಳುವಾಗುತ್ತ ಅರ್ಧ ದಾರಿ ಮೀರಿ ಹರಡಿದೆ.
ಗೆರೆಯೇ ಇಲ್ಲ.

ಅವನು ಕಾಳಿ ಹೊಳೆಯತ್ತ ಗಲ್ಲ ಎತ್ತಿದ.
"ಅಳಿವೆ."
ಕದ್ರಾದಲ್ಲಿ ಸಪ್ಪೆ, ಸೇತುವೆಯ ಕೆಳಗೆ ಉಪ್ಪು.
ನಡುವೆ ಹೊಳೆ ಎಲ್ಲಿ ಮುಗಿಯಿತು,
ಅರವತ್ತು ವರ್ಷ ಓಡಾಡಿದವನಿಗೂ ಗೊತ್ತಿಲ್ಲ.

ಕಾಲೇಜಿನ ಸಂಚಿಕೆಗೆ ನಾನು ಬರೆದದ್ದರ ತಲೆಬರಹ
ಅಕ್ಷರ ಕೂಡಿಸಿ ಓದಿದ: ಶನಿಯ ಹುಟ್ಟು.
"ಅವನಿಗೂ ಉಂಟಾ? ಯಾವ ಮರದ್ದು?"

ತಿದ್ದಲೆಂದು ಬಾಯಿ ತೆರೆದೆ.
"ಹಿಮದ್ದು," ಅಂದೆ, ಕೇಳುವ ಕಿವಿಯ ಕಡೆಗೆ ಬಾಗಿ.