ಕಳೆಯುವ ಲೆಕ್ಕ

ದುದ್ದದಲ್ಲಿ ಬಸ್ಸಿಳಿದು ಒಂದೂವರೆ ಮೈಲಿ ನಡೆದರೆ
ನಮ್ಮ ಶಾಲೆ. ಒಂದೇ ಕೋಣೆ, ಮೂರು ತರಗತಿ,
ಹದಿನಾರು ಮಕ್ಕಳು, ನಾನೊಬ್ಬಳು,
ಒಂದು ಡಬ್ಬಿ ತುಂಬ ಹುಣಸೆ ಬೀಜ.

ಕೂಡುವುದು ಸುಲಭ,
ಹೊಟ್ಟೆಯೊಳಗಿಂದಲೇ ಕಲಿತು ಬಂದಿರುತ್ತಾರೆ.
ನಾಲ್ಕು ಬೀಜದ ಪಕ್ಕ ಮೂರು ಸುರಿದರೆ
ಉತ್ತರಕ್ಕೆ ಮೊದಲೇ ಕೈ ಚಾಚುತ್ತಾರೆ.
ಹೆಚ್ಚಾದದ್ದು ಯಾರಿಗೆ ಬೇಡ?

ಕಳೆಯುವುದೇ ಕಷ್ಟ.
"ಐದರಲ್ಲಿ ಮೂರು ಕಳೆದರೆ?" ಅಂದೆ.
ಮೂರನ್ನು ಎತ್ತಿ ಸೆರಗಿನಡಿ ಇಟ್ಟುಕೊಂಡೆ.
ಕೌಶಿಕ ಚಾಪೆ ಎತ್ತಿ ನೋಡಿದ,
ಬೀರುವಿನ ಸಂದಿಗೆ ಕೈ ತೂರಿಸಿದ,
ಗಾನವಿಯ ಚೀಲ ತಡಕಿ ಬೈಸಿಕೊಂಡ.
"ಏನೋ ಅದು?"
"ಕಳೆದ್ರೆ ಹುಡುಕ್ಬೇಕಲ್ವ ಮಿಸ್?"

ಗಾನವಿ ತಿದ್ದಿದಳು: "ಅಲ್ಲ ಕಣೋ,
ಕಳೆ ಅಂದ್ರೆ ಬೇಡದ್ದು. ನಮ್ಮವ್ವ ದಿನಾ ಕೀಳ್ತಾಳೆ,
ಕಿತ್ತು ಬದೀಗೆ ಎಸೀತಾಳೆ, ಕೂಲಿ ಕೊಡ್ತಾರೆ."
ನಾನು ಹಲಗೆಯ ಮೇಲೊಂದು ಅಡ್ಡಗೆರೆ ಎಳೆದು
ಇದೂ ಕಳೆಯೇ ಅಂದೆ.
ಇಬ್ಬರೂ ನಂಬಲಿಲ್ಲ.

ಮೂರನೇ ತರಗತಿಗೆ ದಶಕದ ಲೆಕ್ಕ.
ಮೂವತ್ತೆರಡರಲ್ಲಿ ಹದಿನೇಳು. ಎರಡರಲ್ಲಿ ಏಳು ಹೋಗಲ್ಲ,
ಪಕ್ಕದ ಮನೆಯಿಂದ ಒಂದು ಹತ್ತು ಸಾಲ ತಗೋ.
ನನ್ನ ಮೇಷ್ಟ್ರು ಹೇಳಿದ್ದ ಮಾತು, ಅವರಿಗೆ ಅವರ ಮೇಷ್ಟ್ರು.
ಉಮೈರಾ ಬರೆದಳು, ಹದಿನೈದು, ಸರಿ.
ಬರೆದು, ಪೆನ್ಸಿಲ್ ತುದಿ ಕಚ್ಚಿಕೊಂಡು,
"ತಿರುಗಿ ಕೊಡೋದು ಯಾವ ಲೆಕ್ಕದಲ್ಲಿ ಮಿಸ್?"
ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ.
ಅವತ್ತು ಊಟದ ಗಂಟೆ ನನ್ನ ಮಾನ ಉಳಿಸಿತು.

ಬಿಸಿಯೂಟದ ಸಿದ್ದಮ್ಮನಿಗೆ ಹಲಗೆ ಬೇಡ.
ಹೆಬ್ಬೆರಳು ಗೆಣ್ಣಿಂದ ಗೆಣ್ಣಿಗೆ ಹತ್ತಿ ಇಳಿದು
ಒಂದು ಕೈಗೆ ಹನ್ನೆರಡು, ಮತ್ತೊಂದರಲ್ಲಿ ನಾಲ್ಕು.
"ಮೊಟ್ಟೆ ಹದಿಮೂರು, ಬಾಳೆಹಣ್ಣು ಮೂರು" ಅನ್ನುತ್ತಾಳೆ
ಒಗ್ಗರಣೆ ಸೀಯುವುದರೊಳಗೆ.

ಜೂನಿನ ಎರಡನೇ ವಾರ. ಹಾಸನದ ಎಪಿಎಂಸಿಯಿಂದ
ಜಲಂಧರದ ಬೀಜದ ಚೀಲಗಳು ಬಂದು
ಊರ ಜಗಲಿಗಳಲ್ಲೆಲ್ಲ ಆಲೂಗೆಡ್ಡೆ ಹೋಳು ಮಾಡುವ ಸದ್ದು.
ನಾನು ಸೊನ್ನೆ ಕಲಿಸುತ್ತಿದ್ದೆ.
"ಒಂದು ಗೆಡ್ಡೆ ಇತ್ತು. ಒಂದನ್ನು ಕಳೆದೆ. ಎಷ್ಟು ಉಳೀತು?"
"ಎಲ್ಲಿ ಕಳೆದ್ರಿ?" ಕೌಶಿಕನೇ.
"ಎಲ್ಲೋ. ಮಣ್ಣಲ್ಲಿ ಅಂದ್ಕೋ."
"ಕಣ್ಣೆಷ್ಟಿತ್ತು?"
"ಕಣ್ಣಾ?"
"ಒಂದೊಂದು ಕಣ್ಣಿಗೂ ಒಂದೊಂದು ಗಿಡ ಮಿಸ್.
ಒಂದೇ ಕಣ್ಣಿದ್ರೂ ಎಂಟು ಗೆಡ್ಡೆ."

ಪುಸ್ತಕದಲ್ಲಿ ಉತ್ತರ ಸೊನ್ನೆ.
ನಾನೂ ಸೊನ್ನೆಯನ್ನೇ ಬರೆಯಹೋದೆ.
ಅರ್ಧ ಸುತ್ತಿಗೆ ಸೀಮೆಸುಣ್ಣ ಮುರಿಯಿತು.
ಉಳಿದ ತುಂಡಿನಲ್ಲಿ ಕೂಡಿಸಿದರೆ ಗುಂಡಗೆ ಬರಲಿಲ್ಲ,
ಅಲ್ಲೊಂದು ಉಬ್ಬು, ಇಲ್ಲೊಂದು ತಗ್ಗು.
ಮಕ್ಕಳು ಹಾಗೇ ಪುಸ್ತಕಕ್ಕೆ ಇಳಿಸಿಕೊಂಡರು.

ಸೆಪ್ಟೆಂಬರಿನಲ್ಲಿ ಹಾಜರಿ ಒಂಬತ್ತು.
ಉಳಿದ ಏಳು ಜನ ಗೆಡ್ಡೆ ಆರಿಸಲು ಹೋಗಿದ್ದರು,
ಏಳು ಸಲ 'ಗೈ' ಬರೆದೆ.
ನಾಲ್ಕನೇ ದಿನ ಕೌಶಿಕ ಬಂದ,
ಅಂಗಿಯ ಅಂಚನ್ನು ಮಡಿಲು ಮಾಡಿಕೊಂಡು.
ಮೇಜಿನ ಮೇಲೆ ಸುರಿದ. ಒಂದೇ ಗಿಡದ್ದಂತೆ.
ಎಣಿಸಿದೆ, ಆರು.
"ಎಂಟು ಅಂದಿದ್ದೆಯಲ್ಲೋ?"
"ಎಂಟೇ ಇತ್ತು ಮಿಸ್. ಎರಡು ಅಂಗಮಾರಿ ಬಂದು ಕೊಳ್ತೋಗಿತ್ತು.
ಕಳೆದ್ಬಿಟ್ಟೆ."

ಹುಡುಕಲಿಲ್ಲವೇನೋ ಎಂದು ಕೇಳಬೇಕೆನಿಸಿತು.
ಉಗುರ ಸಂದಿಯಲ್ಲಿ ಮಣ್ಣಿತ್ತು,
ಕೈಗೆ ಆ ಕೊಳೆತ ವಾಸನೆ ಇನ್ನೂ ಅಂಟಿಕೊಂಡಿತ್ತು.
ಕೇಳಲಿಲ್ಲ.

ಮಧ್ಯಾಹ್ನ ಹುಳಿಗೆ ಹೆಚ್ಚುವಾಗ ಸಿದ್ದಮ್ಮ
ಬೆರಳ ಗೆಣ್ಣು ಮುಟ್ಟಿ ಮುಟ್ಟಿ ನೋಡಿಕೊಂಡು
ನನ್ನ ಮುಖ ನೋಡಿದಳು.
ಒಂದು ಕಡಿಮೆ.

ಹುಣಸೆ ಬೀಜದ ಡಬ್ಬಿಯ ಮುಚ್ಚಳ
ಅವತ್ತಿಂದ ಸರಿಯಾಗಿ ಕೂರುತ್ತಿಲ್ಲ.