ಒಂದು ಹಕಾರದ ಲೆಕ್ಕ

ಇಲಾರಿಯಾ ಬಂದದ್ದು ಎರಡನೇ ವಾರ,
ಜ್ಞಾನಭಾರತಿಯ ಬಿದಿರು ಮೆಳೆ ದಾಟಿ, ಬೆವರುತ್ತ,
ಬೆನ್ನಿಗೊಂದು ಚೀಲ, ಕೈಯಲ್ಲಿ ಶುಲ್ಕದ ಚಲನ್ನು.
ಅವರಪ್ಪ ಪೀಣ್ಯದಲ್ಲಿ
ಬಿಸ್ಕತ್ತು ಪೊಟ್ಟಣ ಕಟ್ಟುವ ಯಂತ್ರ ಜೋಡಿಸಲು
ಬ್ರೆಶಾದಿಂದ ಬಂದವರು.
ಮಗಳಿಗೆ ಇಂಗ್ಲಿಷು, ಭಾಷಾವಿಜ್ಞಾನ, ಎಂ.ಎ.
'ಇಂಗ್ಲಿಷ್ ಕಲಿಯೋಕೆ ಇಟಲಿಯಿಂದ ನಾಗರಭಾವಿಗೆ?'
ಗುಮಾಸ್ತರು ಸೀಲು ಒತ್ತುವುದನ್ನೇ ಮರೆತರು.

ಮೊದಲ ಬೆಂಚಿನಲ್ಲಿ ನಾವಿಬ್ಬರೇ.
ಚೆಲುವಾಂಬ ಮೇಡಂ ಕಾಗದದ ಪಟ್ಟಿ ಹರಿದು ಕೊಟ್ಟರು:
ತುಟಿಯ ಮುಂದೆ ಹಿಡಿಯಿರಿ, 'ಪಿನ್' ಅನ್ನಿ,
ಇಂಗ್ಲಿಷರ ಪಕಾರಕ್ಕೆ ಉಸಿರುಂಟು, ಕಾಗದ ನಡುಗಬೇಕು.
ನನ್ನದು ಅಲುಗಲಿಲ್ಲ. ಅವಳದೂ.
ಸಾವಿರಾರು ಮೈಲಿ ಆಚೀಚೆ ಹುಟ್ಟಿದ ಎರಡು ಪಕಾರ
ಒಂದೇ ಕೇರಿಯ ಮಕ್ಕಳ ಹಾಗೆ
ಉಸಿರು ಬಿಗಿಹಿಡಿದು ನಿಂತಿದ್ದವು.

ಆಮೇಲೆ ಗೊತ್ತಾಯಿತು, ಅವಳಿಗೂ
ಮಾತಿನ ಬಾಗಿಲು ಮುಚ್ಚಿ ಅಭ್ಯಾಸವಿಲ್ಲ.
ನಾನು ಬಸ್ಸು ಅಂದರೆ ಅವಳು ಬಸ್ಸ.
ನಮ್ಮಲ್ಲಿ ಅಕ್ಕ, ಹಳ್ಳ, ಕಲ್ಲು;
ಅವರಲ್ಲಿ ನೊನ್ನೊ ಅಂದರೆ ತಾತ,
ಒಂದು ನಕಾರ ಉದುರಿತೋ
ತಾತ ಹೋಗಿ ಬರೀ 'ಒಂಬತ್ತನೆಯವ' ಆಗುತ್ತಾನೆ.
ಒತ್ತಕ್ಷರದ ಬೆಲೆ ಬಲ್ಲವರು ನಾವು ಎಂದು
ಕ್ಯಾಂಟೀನಿನ ಚಿತ್ರಾನ್ನದ ಮೇಲೆ ಆಣೆಯಿಟ್ಟೆವು.

ಆದರೆ ಹಕಾರ.
ಅವಳ ಬಾಯಲ್ಲಿ ಹೌಸು ಔಸು, ಹ್ಯಾಪಿ ಆಪಿ.
ಬರೆಯುತ್ತೇವೆ, ಆಡುವುದಿಲ್ಲ, ಎಂದಳು,
ಏನೇನೂ ತಿಳಿಯದಿದ್ದರೆ
'ಒಂದು ಹ ಕೂಡ ತಿಳಿಯಲಿಲ್ಲ' ಅನ್ನುತ್ತೇವೆ,
ಅಷ್ಟು ಅಗ್ಗ ನಮ್ಮ ಕಡೆ ಅದು.
ಲ್ಯಾಟಿನ್ನಿನಲ್ಲಿ ನನ್ನ ಹೆಸರಿನ ತಲೆಗೂ ಒಂದು ಹ ಇತ್ತು,
ದಾರಿಯಲ್ಲೆಲ್ಲೋ ಬಿದ್ದುಹೋಯಿತು.
ತರಗತಿ ನಕ್ಕಿತು, ಕೂಸಿನ ತೊದಲಿಗೆ ನಗುವಂತೆ.
'ಎಷ್ಟು ಚಂದ ಮಾತಾಡ್ತಾಳೆ' ಅಂದಳು ಹಿಂದಿನ ಬೆಂಚಿನ ಸುಹಾಸಿನಿ.
ನಾನು ನಗಲಿಲ್ಲ.

ತಾವರೆಕೆರೆ ಶಾಲೆ, ನಾಲ್ಕನೇ ಕ್ಲಾಸು.
ಹಕ್ಕಿ ಹಾರುತ್ತಿದೆ ಎಂದಿತ್ತು ಪಾಠದಲ್ಲಿ.
'ಅಕ್ಕಿ ಆರುತ್ತಿದೆ' ಎಂದು ಓದಿದೆ.
ಅಂಗಳದಲ್ಲಿ ಅಕ್ಕಿ ಆರುವುದು ನಾನು ದಿನವೂ ಕಂಡದ್ದೇ.
ರೆಕ್ಕೆ ಬಡಿದದ್ದು ಅಕ್ಕಿಯೇನೋ ಎಂದು ಮೇಷ್ಟ್ರು
ರೂಲುದೊಣ್ಣೆಯಲ್ಲಿ ಬೆರಳ ಗೆಣ್ಣಿಗೆ
ಎಣಿಸಿ ಕೊಟ್ಟರು.
ಪಿಯುಸಿಗೆ ಬರುವಷ್ಟರಲ್ಲಿ ಹೆದರಿ
ಕಂಡಕಂಡಲ್ಲೆಲ್ಲ ಹ ಹಚ್ಚತೊಡಗಿದ್ದೆ.
ವಾರ್ಷಿಕೋತ್ಸವ, ಮೈಕು, ಮುಖ್ಯ ಅತಿಥಿಗಳಿಗೆ
'ಹಾದರದ ಸ್ವಾಗತ'.
ಅಂದಿನಿಂದ ನಾಲಗೆಗೊಬ್ಬ ಕಾವಲುಗಾರನನ್ನಿಟ್ಟು
ನಿದ್ದೆಯಲ್ಲೂ ಅವನಿಗೆ ಸಂಬಳ ಕೊಟ್ಟಿದ್ದೇನೆ.

ಡಿಸೆಂಬರಿನಲ್ಲಿ ಮೇಡಂ ಹಲಗೆಯ ಮೇಲೆ ಬರೆದರು:
ಪಾಲ್, ಹಾಲು, ಆಲು.
ಸಾವಿರ ವರ್ಷದ ಹಿಂದೆ ಪಕಾರ ಸಡಿಲಿ ಹಕಾರವಾಯಿತು,
ಹಕಾರ ಸಡಿಲಿ ಗಾಳಿಯಾಯಿತು,
ತಪ್ಪಲ್ಲ, ಬದಲಾವಣೆ.
ಟಿಪ್ಪಣಿ ಬರೆದುಕೊಂಡೆ.
ಗೆಣ್ಣು ಮಾತ್ರ ನಂಬಲಿಲ್ಲ.

ನಮ್ಮವ್ವ ನಾಗರಭಾವಿ ಎರಡನೇ ಹಂತದಲ್ಲಿ
ಮನೆಮನೆಗೆ ಹಾಲು ಹಾಕುವವಳು.
'ಆಲೂ' ಎಂದು ಕೂಗಿದರೆ ಮಹಡಿಯ ಮೇಲಿಂದ
'ಆಲೂಗಡ್ಡೆ ಬೇಡ, ಹಾಲಿದ್ದರೆ ಕೊಡಮ್ಮ' ಅನ್ನುವವರುಂಟು.
ಒಂದು ಬೆಳಗ್ಗೆ ಕ್ಯಾನು ಹೊತ್ತು ನಾನೂ ಹೋದೆ.
ಗೇಟಿನಲ್ಲಿ ಇಲಾರಿಯಾ,
ಕೈಯಲ್ಲಿ ಪಾತ್ರೆ, ಕಂಕುಳಲ್ಲಿ ನೋಟುಬುಕ್ಕು.
'ಇನ್ನೊಂದು ಸಲ ಏಳಿ' ಅಂದಳು ಹೊಸ ಕನ್ನಡದಲ್ಲಿ.
ಬೇರೆಯವರಾಗಿದ್ದರೆ ಎದ್ದು ನಿಲ್ಲುತ್ತಿದ್ದರೇನೋ.
ಅವ್ವನಿಗೆ ಸರಿಯಾಗಿಯೇ ಕೇಳಿಸಿತು.
ಆಲು, ಅಂದಳು.
ಇವಳು ಪುಟದ ಮೇಲೆ ಚೌಕ ಕಂಸ ಹಾಕಿ,
ದೀರ್ಘದ ಪಕ್ಕ ಎರಡು ಚುಕ್ಕೆಯಿಟ್ಟು,
ಹ ಇಲ್ಲದೆ, ಕೆಂಪು ಗೆರೆಯೂ ಇಲ್ಲದೆ, ಬರೆದಳು.
ಅವ್ವನ ಮಾತು ಅವ್ವ ಆಡಿದಂತೆಯೇ ಕಾಗದಕ್ಕಿಳಿದದ್ದು
ನಾನು ಕಂಡಂತೆ ಅದೇ ಮೊದಲು.

'ಏನ್ಲಾ ಬರ್ಕಂಡ್ಳು?'
ನೀನಂದದ್ದೇ ಕಣವ್ವ.
ಕ್ಯಾನಿನ ಮುಚ್ಚಳ ತಿರುವುತ್ತ ಅವ್ವ:
'ಅಂಗೇ ನೆನ್ನೆ ಅರ್ಧ ಲೀಟ್ರುದ್ದೂ
ಬರ್ಕಳಕ್ಕೇಳು.'