ಜಾಳಿಗಿಯ ಈಚೆ

ನಾನು ಖೊಖೊ ಆಡಿದಾಕಿ.
ಇದನ್ನ ಮೊದಲ ಹೇಳಿಬಿಡ್ತೀನಿ,
ಜೂನಿನಾಗ ಹೆಡ್ ಮಾಸ್ತರ್ರಿಗೂ ಹೇಳಿದ್ದೆ.
ಅವರು ಬೀರು ತಗದು
ಯಾರೋ ದಾನ ಕೊಟ್ಟ ಆರು ರ‍್ಯಾಕೆಟ್ಟು ನನ್ನ ಮುಂದಿಟ್ರು:
"ಆಟ ಅಂದಮ್ಯಾಲೆ ಆಟ, ಟೀಚರ.
ತಾಲೂಕಿಗೆ ಹೆಸರು ಕಳಿಸೀನಿ."

ಗುಳೇದಗುಡ್ಡದಾಗ ಟೆನಿಸ್ ಕೋರ್ಟು
ಯಾರ ಅಜ್ಜನೂ ನೋಡಿದ್ದಿಲ್ಲ.
ಸಾಲಿ ಹಿಂದ, ಗುಡ್ಡದ ಬುಡಕ್ಕ,
ಕೆಂಪು ಮಣ್ಣು ಬಡದು, ಸಗಣಿ ನೀರು ಹೊಡದು,
ಪುಸ್ತಕದ ಅಳತಿ ಹಿಡದು ಸುಣ್ಣ ಹಾಕಿದ್ವಿ.
ಎಪ್ಪತ್ತೆಂಟು ಅಡಿ.
ಮುಂಜಾನೆ ಆಡು ಬಂದು
ಬೇಸ್ ಲೈನ್ ತುಳದು ಅಳಿಸಿ ಹೋಗತಿದ್ವು.
ನೆಟ್ಟು? ಶಾಕಂಬರಿಯ ಅಪ್ಪ ಖಣ ನೇಯಾಂವ,
ಹಾಸಿನಾಗ ಉಳಿದ ನೂಲು ಹುರಿ ಮಾಡಿ
ಎಂಟು ರಾತ್ರಿ ಕೂತು ಹೆಣದು ಕೊಟ್ಟ.
ನಡುವಿನ ಪಟ್ಟಿ ಖಣದ್ದ,
ಹಸಿರಂಚಿಂದು, ಕುಬಸಕ್ಕ ಸಾಲದ ತುಂಡು.

"ಹದಿನೈದು, ಮೂವತ್ತು, ಆಮ್ಯಾಲೆ ನಲವತ್ತು.
ಉಳಿದ ಐದು ಯಾರು ತಿಂದ್ರು, ಟೀಚರ?"
ಮುಬೀನಾ ಕೇಳಿದ್ಳು,
ಅಪ್ಪನ ಹಣ್ಣಿನ ಗಾಡ್ಯಾಗ ಲೆಕ್ಕ ಕಲತಾಕಿ.
ನನಗೂ ಗೊತ್ತಿದ್ದಿಲ್ಲ.
ತೂಕದಾಗ ಹೋತು ಅಂದೆ.

ಶಾಕಂಬರಿಗೆ ಕಾಲು ಕಲಿಸಬೇಕಾಗಲಿಲ್ಲ.
ಲಾಳಿ ಸಪ್ಪಳದಾಗ ಮಲಗಿ ಎದ್ದಾಕಿ.
ಚೆಂಡು ಪುಟ ಬಿದ್ದು ಏಳೂದರಾಗ
ಕಾಲು ತಾವ ಅಲ್ಲೆ ಇರತಿದ್ವು,
ಕುಣಿಮಗ್ಗದ ಕಾಲುಮಣಿ ಮ್ಯಾಲಿದ್ದಂಗ.

ತಾಲೂಕಿನಾಗ ನಮ್ಮೆದುರು ಟೀಮಿಲ್ಲ.
ಬದಾಮ್ಯಾಗ ಚಾ ಕುಡದು
ಗೆದ್ದ ಸರ್ಟಿಫಿಕೇಟ್ ತಗೊಂಡು ಬಂದ್ವಿ.
ಜಿಲ್ಲಾದ್ದು ನವನಗರದಾಗ. ಮಳಿ ಬಂದಿತ್ತು.
ಎರಡೂ ಟೀಮು ಕೂಡೆ ಗೋಣಿಚೀಲ ಹಾಸಿ ನೀರು ಹಿಂಡಿದ್ವಿ.
ಜಮಖಂಡಿ ಹುಡುಗ್ಯಾರು ನಮಗಿಂತ ಚಲೋ ಹಿಂಡಿದ್ರು,
ನಾವು ಅವರಿಗಿಂತ ಒಂದೀಟು ಚಲೋ ಆಡಿದ್ವಿ.

ಬೆಳಗಾವಿ.
ಹಸಿರು ಬಣ್ಣದ ಗಟ್ಟಿ ನೆಲ,
ನೂರು ಆಡು ಬಂದ್ರೂ ಅಳಿಸದ ಗೆರಿ.
ನಮ್ಮ ಮಣ್ಣಾಗ ಚೆಂಡು ವಿಚಾರ ಮಾಡಿ ಏಳತಿತ್ತು,
ಇಲ್ಲೆ ಸಿಟ್ಟಿಲೆ ಏಳತೈತಿ.
ಎದುರಿಗೆ ಕ್ಯಾಂಪಿನ ಹುಡುಗಿ,
ಚೀಲದಾಗ ಮೂರು ರ‍್ಯಾಕೆಟ್ಟು, ನೀರಿಗೊಂದು ಬ್ಯಾರೆ ಚೀಲ.
ಅಂಪೈರ್ ನನಗ ಅಂದ:
"ಹೊರಗಿಂದ ಮಾತಾಡಂಗಿಲ್ಲ, ಮೇಡಂ."

ಖೊಖೊದಾಗ ಉಸಿರು ಹತ್ತಿದ್ರ
ಕೂತಾಕಿ ಬೆನ್ನಿಗೆ ಕೈ ಮುಟ್ಟಿಸಿ ಒಂದು ಅಕ್ಷರ ಅಂದ್ರಾತು,
ನಿನ್ನ ಓಟ ಅಕೀದು,
ಅಕೀ ಜಾಗ ನಿಂದು.
ಈ ಆಟದಾಗ ಅದಿಲ್ಲ.
ಜಾಳಿಗ್ಯಾಗ ನನ್ನ ಹತ್ತೂ ಬೆರಳು ಸಿಕ್ಕೊಂಡಾವ,
ಗಂಟಲದಾಗ ಆ ಅಕ್ಷರ ಸಿಕ್ಕೊಂಡೈತಿ.

ಐದು ಗೇಮು ಹೋದ್ವು.
ಪ್ರತಿ ಚೆಂಡಿಗೂ ಶಾಕಂಬರಿ ತಿರುಗಿ ನನ್ನ ಮಾರಿ ನೋಡತಾಳ.
ನನ್ನ ಮಾರ್ಯಾಗ ಏನಿತ್ತೋ,
ಅದನ್ನ ನೋಡಿ ಮುಂದಿನದೂ ಬಿಡತಾಳ.

ಅದಕ್ಕ ಕೂತೆ.
ಕೋರ್ಟಿಗೆ ಬೆನ್ನು ಮಾಡಿ,
ಕುಕ್ಕರಗಾಲಿಲೆ, ಕೈ ನೆಲಕ್ಕ ಊರಿ,
ಮೂವತ್ತು ವರ್ಷದ ಹಿಂದ ಕೂತಂಗ.
ಸೀರಿ ಅಂಚು ಕೆಸರಾತು.
ಮೇಡಂಗ ತಲಿ ತಿರುಗೈತಿ ಅಂತ
ಯಾರೋ ನೀರು ತಂದ್ರು. ಕುಡದೆ.

ಬೆನ್ನಿಗೆ ಬರೇ ಸಪ್ಪಳ.
ಟಪ್. ಟಪ್. ಬೂಟಿನ ಕಿರ್ರು.
ಒಮ್ಮಿಗೆ ಎರಡ ಸಪ್ಪಳ, ಮೂರ.
ಆಮ್ಯಾಲೆ ಅದು ಉದ್ದಾತು.
ಏಳು, ಹನ್ನೊಂದು, ಲೆಕ್ಕ ತಪ್ಪಿತು,
ನಮ್ಮೂರ ಓಣ್ಯಾಗ ಸಂಜೀಕ ನಡದು ಹೋದಂಗ.
ಯಾರೋ ಚಪ್ಪಾಳಿ ಹೊಡದ್ರು. ಯಾರಿಗೋ.
ನಾ ತಿರುಗಲಿಲ್ಲ.
ಎದುರಿಗೆ ಬೇವಿನ ಗಿಡ, ಅದರ ಬುಡಕ್ಕ ಚಂದ್ರವ್ವ
ಬುತ್ತಿಗಂಟು ತೊಡೀ ಮ್ಯಾಲಿಟ್ಟುಕೊಂಡು
ಒಮ್ಮೆ ಅಕಡೆ, ಒಮ್ಮೆ ನನ್ನ ಕಡೆ ನೋಡತಿದ್ಳು.
ಅಕೀ ಮಾರಿನೂ ನಾ ಓದಲಿಲ್ಲ.

ಎಷ್ಟು ಹೊತ್ತೋ.
ಜಾಳಿಗಿ ಸಂದ್ಯಾಗಿಂದ ಒಂದು ಬೆರಳು
ಬೆನ್ನಿಗೆ ತಾಗಿತು, ಬೆವರಿಗೆ ಒದ್ದಿಯಾದದ್ದು.
ಸೋತೆ ಅನ್ನಲಿಲ್ಲ ಅಕಿ, ಮತ್ತೊಂದೂ ಅನ್ನಲಿಲ್ಲ.
ನನ್ನ ಮೊಣಕಾಲು ಯಾರನ್ನೂ ಕೇಳಲಿಲ್ಲ,
ಎದ್ದುಬಿಟ್ವು.
ನಿಂತೀನಿ.
ಯಾವ ಕಡೆ ಓಡಬೇಕೋ
ತಿಳೀವಲ್ದು.